ಇಂಗ್ಲಿಷ್ ಮಾಧ್ಯಮದ ಮಾತು ಬಂದರೆ ಕೋಲಾರದ ನಮ್ಮ ಮುಖ್ಯ ಶಿಕ್ಷಕರ ಸಭೆ ಜಗಳಕ್ಕೆ ತಿರುಗುತ್ತದೆ. ತಡೆಯುವುದು ಹೇಗೆ?

"ಯಾವ ಮಾಧ್ಯಮ ಸರಿ" ಎಂದು ಸಭೆ ಶುರು ಮಾಡಬೇಡಿ. "ನಮ್ಮ ಮೂರನೇ ತರಗತಿಯ ಮಕ್ಕಳು ಓದಿದ್ದರಲ್ಲಿ ಎಷ್ಟು ಅರ್ಥ ಮಾಡಿಕೊಳ್ಳುತ್ತಿದ್ದಾರೆ" ಎಂದು ಶುರು ಮಾಡಿ.

ಮೊದಲ ಪ್ರಶ್ನೆಗೆ ಬಾಯಿ ಬಿಟ್ಟ ಕೂಡಲೇ ಒಬ್ಬರು ಕನ್ನಡದ್ರೋಹಿ, ಇನ್ನೊಬ್ಬರು ಬಡ ಮಕ್ಕಳ ದಾರಿಗೆ ಅಡ್ಡ ನಿಂತವರು ಅನ್ನಿಸಿಕೊಳ್ಳುತ್ತಾರೆ. ಆಮೇಲೆ ನಡೆಯುವುದು ವಿಷಯದ ಚರ್ಚೆಯಲ್ಲ, ಮರ್ಯಾದೆ ಉಳಿಸಿಕೊಳ್ಳುವ ಹೋರಾಟ.

ಕೋಲಾರದಲ್ಲಿ ಇದು ಇನ್ನೂ ಸೂಕ್ಷ್ಮ. ಆಂಧ್ರ ಗಡಿಯ ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಆ ಮಗುವಿಗೆ ಕನ್ನಡವೂ ಶಾಲೆಯಲ್ಲಿ ಕಲಿಯಬೇಕಾದ ಭಾಷೆಯೇ. "ಮಾತೃಭಾಷೆಯಲ್ಲೇ ಕಲಿಸಿ" ಎಂಬ ಒಳ್ಳೆಯ ಮಾತು ಅಲ್ಲಿ ನೇರವಾಗಿ ಕೂರುವುದಿಲ್ಲ. ಗಡಿ ಶಾಲೆಯ ಮೇಷ್ಟ್ರು ಇದನ್ನು ಮೊದಲು ಹೇಳಲಿ, ಉಳಿದವರು ಕೇಳಲಿ.

ಸಭೆಯ ಕೈಯಲ್ಲಿಲ್ಲದ್ದನ್ನು ಬದಿಗಿಡಿ. ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ; ಅದನ್ನು ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು) ಸಭೆಯಲ್ಲಿ ಮತ್ತೆ ತೀರ್ಮಾನಿಸಲಾಗದು.

ಇನ್ನೊಂದು ನಿಯಮವನ್ನಂತೂ ಬಿಡಲೇಬೇಡಿ: ವಿರೋಧಿಸುವವರು ಮೊದಲು ಎದುರಿನವರ ಆತಂಕವನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಅವರು "ಹೌದು, ಅದೇ" ಅನ್ನುವವರೆಗೆ. ಮೊದಲ ಸಲ ಮುಜುಗರವಾಗುತ್ತದೆ. ಹಿರಿಯ ಮುಖ್ಯ ಶಿಕ್ಷಕರೇ ಮೊದಲು ಮಾಡಿ ತೋರಿಸಿದರೆ ಕಿರಿಯರಿಗೆ ಧೈರ್ಯ ಬರುತ್ತದೆ.