ಮೈನಸ್ 4.5 ಪವರ್ ಇದೆ, ಮದುವೆಗೆ ಮುಂಚೆ ಕನ್ನಡಕ ಬಿಟ್ಟು ಪೂರ್ತಿ ಲೆನ್ಸ್‌ಗೆ ಹೋಗಬಹುದಾ?

ಪೂರ್ತಿ ಹೋಗಬೇಡಿ. ಲೆನ್ಸ್ ಧಾರಾಳವಾಗಿ ತೆಗೆದುಕೊಳ್ಳಿ, ಆದರೆ ಕನ್ನಡಕವೂ ಜೊತೆಗಿರಲಿ. ಎರಡೂ ಕಣ್ಣಿಗೆ ಮೈನಸ್ 4.5, ದಿನವಿಡೀ ಕಂಪ್ಯೂಟರ್ ಮುಂದೆ ಕೆಲಸ, ಎರಡು ತಿಂಗಳಲ್ಲಿ ಮದುವೆ, "ಇನ್ನಾದರೂ ಆ ಸೋಡಾಬುಡ್ಡಿ ತೆಗೆದಿಡು" ಅಂತ ಅಮ್ಮನ ಒತ್ತಾಯ ಅಂತ ಬರೆದಿದ್ದೀರಿ. ನನಗೆ ಮೈನಸ್ 5.5. ನಾನು ಡಾಕ್ಟರ್ ಅಲ್ಲ, ಆದರೆ ಕಾಲೇಜಿನಿಂದಲೂ ಎರಡನ್ನೂ ಬಳಸುತ್ತಾ ಬಂದವಳು.

ಮೈನಸ್ 4.5 ಅಂದರೆ ಬರಿಗಣ್ಣಿಗೆ ಸುಮಾರು 22 ಸೆಂಟಿಮೀಟರ್ ಆಚೆಗೆ ಏನೂ ಸ್ಪಷ್ಟವಾಗಿ ಕಾಣುವುದಿಲ್ಲ. ಒಂದು ಮೀಟರನ್ನು ಪವರ್‌ನಿಂದ ಭಾಗಿಸಿದರೆ ಇಷ್ಟು ಬರುತ್ತದೆ. ಈಗ ಯೋಚನೆ ಮಾಡಿ, ಮನೆಯಲ್ಲಿರುವುದು ಮೂರು ವರ್ಷ ಹಳೆಯ, ಗೀಚು ಬಿದ್ದ ಕನ್ನಡಕ, ಪವರ್ ಕೂಡ ಹಳೆಯದು, ಆ ದಿನವೇ ಲೆನ್ಸ್‌ನಿಂದ ಕಣ್ಣು ಕೆಂಪಾಗಿದೆ ಅಂದರೆ ಏನು ಮಾಡುತ್ತೀರಿ? ಉರಿಯುತ್ತಿದ್ದರೂ ಅದೇ ಲೆನ್ಸ್ ಹಾಕಿಕೊಂಡು ಆಫೀಸಿಗೆ ಹೋಗುತ್ತೀರಿ. ಲೆನ್ಸ್ ಹಾಕುವವರಲ್ಲಿ ಸಣ್ಣ ತೊಂದರೆ ದೊಡ್ಡದಾಗುವುದು ಹೀಗೆ. ಅದಕ್ಕೇ ಮೊದಲು ದುಡ್ಡು ಹಾಕಬೇಕಾದದ್ದು ಕನ್ನಡಕಕ್ಕೆ.

ಸೋಡಾಬುಡ್ಡಿ ಆಗಿರುವುದಕ್ಕೆ ಮುಕ್ಕಾಲು ಪಾಲು ಕಾರಣ ಫ್ರೇಮು. ಮೈನಸ್ ಗಾಜು ನಡುವೆ ತೆಳು, ಅಂಚಿನಲ್ಲಿ ದಪ್ಪ. ಫ್ರೇಮ್ ದೊಡ್ಡದಾದಷ್ಟೂ ಆ ದಪ್ಪ ಅಂಚು ಹಾಗೇ ಉಳಿಯುತ್ತದೆ, ಚಿಕ್ಕದಾದರೆ ಅದನ್ನು ಕತ್ತರಿಸಿ ಬಿಸಾಡುತ್ತಾರೆ, ಅಷ್ಟೇ. ಕಣ್ಣು ಗಾಜಿನ ನಡುವೆ ಕೂರುವಂಥ ಚಿಕ್ಕ ಫ್ರೇಮ್ ನೋಡಿ, ಪೂರ್ತಿ ಚೌಕ ಬೇಡ. 1.6 ಅಥವಾ 1.67 ಇಂಡೆಕ್ಸ್ ಕೇಳಿ, ಈ ಸಂಖ್ಯೆ ಹೆಚ್ಚಾದಷ್ಟೂ ಗಾಜು ತೆಳು. 1.74 ತೋರಿಸುತ್ತಾರೆ, ನಿಮ್ಮ ಪವರ್‌ಗೆ ಅದು ಸುಮ್ನೆ ಖರ್ಚು. ಆಂಟಿ-ಗ್ಲೇರ್ ಹಾಕಿಸಿ, ರಾತ್ರಿ ಎದುರು ಗಾಡಿಯ ಲೈಟು ಬಿದ್ದಾಗ ವ್ಯತ್ಯಾಸ ಗೊತ್ತಾಗುತ್ತದೆ. ಸ್ಕ್ರೀನಿನ ನೀಲಿ ಬೆಳಕು ತಡೆಯುತ್ತದೆ ಅನ್ನುವ ಬ್ಲೂ ಕಟ್‌ಗೆ ಮಾತ್ರ ಎಕ್ಸ್‌ಟ್ರಾ ಕೊಡಬೇಡಿ. ಇದರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ಕೊಕ್ರೇನ್ ವರದಿ 2023ರಲ್ಲಿ ಬಂತು, ಸ್ಕ್ರೀನ್‌ನಿಂದ ಆಗುವ ಕಣ್ಣಿನ ಆಯಾಸಕ್ಕೆ ಅದರಿಂದ ಲಾಭ ಕಾಣಲಿಲ್ಲ.

ಇನ್ನು ಲೆನ್ಸ್. ಸುಖ ಇದೆ, ಇಲ್ಲ ಅನ್ನುವುದಿಲ್ಲ. ಮಳೆಯಲ್ಲಿ ಸ್ಕೂಟರ್ ಓಡಿಸುವಾಗ ಗಾಜಿನ ಮೇಲೆ ಹನಿ ಇಲ್ಲ, ಹೆಲ್ಮೆಟ್ ಒಳಗೆ ಕಿವಿಯ ಹಿಂದೆ ಒತ್ತುವುದಿಲ್ಲ, ಬಿಸಿ ಸಾರಿನ ಪಾತ್ರೆಯ ಮುಚ್ಚಳ ತೆಗೆದರೆ ಲೋಕವೇ ಮಂಜಾಗುವುದಿಲ್ಲ. ಕನ್ನಡಕದಲ್ಲಿ ವಸ್ತುಗಳು ಸ್ವಲ್ಪ ಚಿಕ್ಕದಾಗಿ ಕಾಣುತ್ತವೆ, ಲೆನ್ಸ್‌ನಲ್ಲಿ ಹಾಗಿಲ್ಲ, ಪಕ್ಕದಿಂದ ಬರುವ ಗಾಡಿಯೂ ಸರಿಯಾಗಿ ಕಾಣುತ್ತದೆ. ಆದರೆ ನಿಮ್ಮ ಕೆಲಸ ಸ್ಕ್ರೀನ್ ಮುಂದೆ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಡಿಮೆ, ಮೇಲಿಂದ ಎಸಿ ಗಾಳಿ, ಸಂಜೆ ಹೊತ್ತಿಗೆ ಲೆನ್ಸ್ ಒಣಗಿ ಕಣ್ಣಲ್ಲಿ ಮರಳು ಬಿದ್ದ ಹಾಗೆ ಆಗುತ್ತದೆ. ಅದಕ್ಕೇ ನಾನು ಆಫೀಸಿಗೆ ಕನ್ನಡಕ, ಸಮಾರಂಭಕ್ಕೆ ಮತ್ತು ಬ್ಯಾಡ್ಮಿಂಟನ್‌ಗೆ ಲೆನ್ಸ್ ಅಂತ ಹಂಚಿಕೊಂಡಿದ್ದೇನೆ. (ನಮ್ಮಂಥ ಮೈನಸ್‌ನವರಿಗೆ ದೇವರು ಕೊಟ್ಟ ಒಂದೇ ಒಂದು ರಿಯಾಯಿತಿ ಅಂದರೆ ನಲವತ್ತು ದಾಟಿದ ಮೇಲೂ ಕನ್ನಡಕ ತೆಗೆದು ಹತ್ತಿರದ್ದು ಓದಬಹುದು. ಲೆನ್ಸ್ ಹಾಕಿದ್ದರೆ ಅದೂ ಹೋಯಿತು, ಓದುವ ಕನ್ನಡಕ ಬೇರೆ ಬೇಕು.)

ಕನ್ನಡಕದ ಚೀಟಿ ನೋಡಿ ಆನ್‌ಲೈನ್‌ನಲ್ಲಿ ಲೆನ್ಸ್ ತರಿಸಬೇಡಿ. ಗಾಜು ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಇರುತ್ತದೆ, ಲೆನ್ಸ್ ಕಣ್ಣಿನ ಮೇಲೇ ಕೂರುತ್ತದೆ, ಹಾಗಾಗಿ ಮೈನಸ್ 4 ದಾಟಿದ ಮೇಲೆ ಪವರ್ ಬೇರೆಯಾಗುತ್ತದೆ. ನಿಮ್ಮ 4.5 ಲೆನ್ಸ್‌ನಲ್ಲಿ ಹೆಚ್ಚುಕಡಿಮೆ 4.25 ಆಗಬಹುದು. ಕಣ್ಣುಗುಡ್ಡೆಯ ಬಾಗಿಗೆ ತಕ್ಕ ಅಳತೆಯೂ ಬೇಕು. ಚೀಟಿಯಲ್ಲಿ ಸಿಲಿಂಡರ್ ಪವರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಪವರ್) ಇದ್ದರೆ ಟೋರಿಕ್ ಅನ್ನುವ ಬೇರೆ ಲೆನ್ಸ್. ಕಣ್ಣಿನ ಡಾಕ್ಟರ್ ಅಥವಾ ಆಪ್ಟೋಮೆಟ್ರಿಸ್ಟ್ ಹತ್ತಿರ ಕೂತು, ಹಾಕಿ ತೆಗೆಯುವುದನ್ನು ಅಲ್ಲೇ ಕಲಿತು ಬನ್ನಿ. ಹೋದಾಗ ಕಣ್ಣಿಗೆ ಡ್ರಾಪ್ಸ್ ಹಾಕಿ ರೆಟಿನಾ ಕೂಡ ನೋಡಿ ಅಂತ ಹೇಳಿ. ಮೈನಸ್ ಜಾಸ್ತಿ ಇದ್ದವರಿಗೆ ಅದು ಬೇಕೇ ಬೇಕು.

ನೀರಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಮೆತ್ತನೆಯ ಲೆನ್ಸನ್ನು 1961ರಲ್ಲಿ ಒಟ್ಟೊ ವಿಖ್ಟರ್ಲೆ ಅನ್ನುವ ಚೆಕ್ ವಿಜ್ಞಾನಿ ಮನೆಯಲ್ಲೇ, ಮಕ್ಕಳ ಆಟದ ಜೋಡಣೆ ಸೆಟ್ಟಿನಿಂದ ಮಾಡಿದ ಯಂತ್ರದಲ್ಲಿ ತಯಾರಿಸಿದ. ನೀರು ಹೀರಿ ಮೆತ್ತಗಾಗುವ ಪ್ಲಾಸ್ಟಿಕ್ ಅದು. ಅದರ ಗುಣವೂ ಅದೇ, ದೋಷವೂ ಅದೇ. ನಲ್ಲಿ ನೀರು, ಬೋರ್ ನೀರು, ಟ್ಯಾಂಕ್ ನೀರು, ಫಿಲ್ಟರ್ ನೀರು, ಯಾವುದೂ ಅದಕ್ಕೆ ತಾಗಬಾರದು. ಅಕಾಂತಮೀಬಾ ಅನ್ನುವ ಜೀವಿ ಇಂಥ ನೀರಿನಲ್ಲಿ ಇರುತ್ತದೆ, ಲೆನ್ಸ್ ಜೊತೆ ಕಣ್ಣಿಗೆ ಸೇರಿದರೆ ದೃಷ್ಟಿಯನ್ನೇ ತೆಗೆಯಬಲ್ಲದು. ಆದ್ದರಿಂದ ಸ್ನಾನ, ಈಜು, ನಿದ್ದೆ, ಮೂರಕ್ಕೂ ಮುಂಚೆ ಲೆನ್ಸ್ ತೆಗೆಯಬೇಕು. ಮಧ್ಯಾಹ್ನ ಬಸ್ಸಿನಲ್ಲಿ ತೂಕಡಿಸುವುದೂ ನಿದ್ದೆಯೇ. ಕೈ ಸೋಪಿನಿಂದ ತೊಳೆದು, ಪೂರ್ತಿ ಒರೆಸಿಯೇ ಮುಟ್ಟಿ. ಹಸಿಮೆಣಸಿನಕಾಯಿ ಹೆಚ್ಚಿದ ದಿನ ಎಷ್ಟು ತೊಳೆದರೂ ನಂಬಬೇಡಿ.

ನಿಮಗೆ ದಿನಕ್ಕೊಂದು ಜೊತೆ ಹಾಕಿ ಬಿಸಾಡುವ ಡೈಲಿ ಲೆನ್ಸೇ ಸರಿ ಅಂತ ನನ್ನ ಅನಿಸಿಕೆ. ಸೊಲ್ಯೂಷನ್ ಬೇಡ, ಡಬ್ಬಿ ತೊಳೆಯುವ ರಗಳೆ ಇಲ್ಲ. 30ರ ಪ್ಯಾಕ್ ಅಂದರೆ ಒಂದೇ ಕಣ್ಣಿಗೆ 30, ಎರಡೂ ಕಣ್ಣಿಗೆ ಬರೀ 15 ದಿನ, ಲೆಕ್ಕ ಹಾಕುವಾಗ ನೆನಪಿರಲಿ. ತಿಂಗಳ ಲೆನ್ಸ್ ಅಗ್ಗ ಅನಿಸುತ್ತದೆ, ಆದರೆ ತೆರೆದ ದಿನದಿಂದ ಒಂದು ತಿಂಗಳಿಗೆ ಅದರ ಕಥೆ ಮುಗಿಯಿತು, ನಾಲ್ಕೇ ಸಲ ಹಾಕಿದ್ದರೂ ಸರಿ. ಅಪರೂಪಕ್ಕೆ ಹಾಕುವವರಿಗೆ ಅದು ನಷ್ಟವೇ ಅಲ್ವಾ?

ಮದುವೆಗೆ ಬರೋಣ. ಈಗಲೇ ಶುರು ಮಾಡಿ, ಮದುವೆ ವಾರದಲ್ಲಿ ಮೊದಲ ಸಲ ಹಾಕಲು ಕೂತರೆ ಕಣ್ಣಲ್ಲಿ ನೀರೇ ಬರುತ್ತದೆ. ನಮ್ಮ ಕಡೆ ಹಿಂದಿನ ಸಂಜೆ ರಿಸೆಪ್ಷನ್, ಬೆಳಿಗ್ಗೆ ಮುಹೂರ್ತ, ನಡುವೆ ಮಲಗುವುದು ಎರಡು ಮೂರು ಗಂಟೆ. "ಇಷ್ಟಕ್ಕೆ ಯಾಕೆ ತೆಗೆಯಬೇಕು" ಅನಿಸುತ್ತದೆ. ತೆಗೆದು ಬಿಸಾಡಿ, ಬೆಳಿಗ್ಗೆ ಹೊಸ ಜೊತೆ ಹಾಕಿ. ಮೇಕಪ್‌ಗೆ ಮುಂಚೆ ಲೆನ್ಸ್ ಹಾಕಬೇಕು, ಮೇಕಪ್ ತೆಗೆಯುವ ಮುಂಚೆ ಲೆನ್ಸ್ ತೆಗೆಯಬೇಕು. ಕಾಡಿಗೆಯನ್ನು ರೆಪ್ಪೆಯ ಒಳ ಅಂಚಿಗೆ ಹಚ್ಚಬೇಡಿ ಅಂತ ಬ್ಯೂಟಿಷಿಯನ್‌ಗೆ ಮೊದಲೇ ಹೇಳಿ. ಹೋಮದ ಹೊಗೆಗೆ ಕಣ್ಣು ಉರಿಯುವುದು ಖಂಡಿತ, ಲೆನ್ಸ್‌ಗೆ ಆಗುವ ಡ್ರಾಪ್ಸ್ ಮತ್ತು ಇನ್ನೊಂದು ಜೊತೆ ಲೆನ್ಸ್ ಪಕ್ಕದಲ್ಲಿರುವ ತಂಗಿಯ ಪರ್ಸಿನಲ್ಲಿ ಇರಲಿ, ಕನ್ನಡಕವೂ ಅಲ್ಲೇ ಇರಲಿ. ಅರಿಶಿನ ಶಾಸ್ತ್ರಕ್ಕೆ ಲೆನ್ಸ್ ಬೇಡವೇ ಬೇಡ, ತಲೆ ಮೇಲೆ ನೀರು ಸುರಿಯುತ್ತಾರೆ. ಆ ಫೋಟೋದಲ್ಲಿ ಕನ್ನಡಕ ಇಲ್ಲದೆ ನಗುತ್ತಾ ಕೂತರೆ ಆಯಿತು, ಯಾರು ಎಲ್ಲಿದ್ದಾರೆ ಅಂತ ಕಾಣದಿದ್ದರೂ ನಡೆಯುತ್ತದೆ.

ಹುಡುಗನ ಮನೆಯವರಿಗೆ ಕನ್ನಡಕ ಇರುವುದು ಗೊತ್ತಿಲ್ಲ ಅಂತಾದರೆ ಈಗಲೇ ಹೇಳಿಬಿಡಿ. ರಾತ್ರಿ ಲೆನ್ಸ್ ತೆಗೆದ ಮೇಲೆ ಹೇಗೂ ಗೊತ್ತಾಗುತ್ತದೆ, ಮುಚ್ಚಿಡಲು ಹೋಗಿ ಅದನ್ನು ಹಾಕಿಕೊಂಡೇ ಮಲಗುವ ಹಾಗೆ ಆಗಬಾರದು.

ಅಮ್ಮ ಹೆದರಿದರೆ ಇಷ್ಟು ಹೇಳಿ: ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗುವುದಿಲ್ಲ, ಅಲ್ಲಿಗೆ ದಾರಿಯೇ ಇಲ್ಲ, ಕಣ್ಣಿನ ಬಿಳಿ ಭಾಗದ ಮೇಲಿರುವ ತೆಳು ಪಾರದರ್ಶಕ ಪೊರೆ ರೆಪ್ಪೆಯ ಒಳಗೆ ಮಡಚಿ ಮುಚ್ಚಿಕೊಂಡಿರುತ್ತದೆ. ನಿಜವಾಗಿ ಹೆದರಬೇಕಾದದ್ದು ಲೆನ್ಸ್ ಹಾಕಿದ ಕಣ್ಣು ಕೆಂಪಾಗಿ, ನೋವು ಬಂದು, ಬೆಳಕು ನೋಡಲು ಆಗದಿದ್ದಾಗ. ಆಗ ತಕ್ಷಣ ಲೆನ್ಸ್ ತೆಗೆಯಿರಿ, ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕುತ್ತಾ ಕೂರಬೇಡಿ, ಅವತ್ತೇ ಕಣ್ಣಿನ ಆಸ್ಪತ್ರೆಗೆ ಹೋಗಿ. ತೆಗೆದ ಲೆನ್ಸನ್ನು ಬಿಸಾಡದೆ ಜೊತೆಗೆ ಒಯ್ಯಿರಿ, ಬೇಕಾದರೆ ಅದನ್ನೂ ಪರೀಕ್ಷೆಗೆ ಕಳಿಸುತ್ತಾರೆ.