ಚೌಕ ಡಕ್ಟ್‌ಗೆ ನ್ಯಾನೋಫ್ಲೂಯಿಡ್, ಟ್ವಿಸ್ಟೆಡ್ ಟೇಪ್ ಎರಡೂ ಹಾಕಬಹುದಾ?

ಚೌಕ ಡಕ್ಟ್‌ನಲ್ಲಿ (ಚೌಕಾಕಾರದ ಕೊಳವೆ) ಅಲ್ಯೂಮಿನಾ ನ್ಯಾನೋಫ್ಲೂಯಿಡ್ (ಅಲ್ಯೂಮಿನಾದ ಅತಿ ಸಣ್ಣ ಪುಡಿ ಬೆರೆಸಿದ ನೀರು) ಹರಿಸಿ, ಒಳಗೆ ಟ್ವಿಸ್ಟೆಡ್ ಟೇಪೂ (ತಿರುಚಿದ ಉದ್ದ ಪಟ್ಟಿ) ಇಟ್ಟರೆ ಶಾಖ ಸಾಗಿಸುವುದರಲ್ಲಿ ಎಷ್ಟು ಲಾಭ, ಎಂಟೆಕ್ ಪ್ರಾಜೆಕ್ಟಿಗೆ ಬೇಕು ಅಂತ ಕೇಳಿದ್ದೀರಿ. ದಾವಣಗೆರೆಯಲ್ಲಿ ಓದುವಾಗ ನಾನು ಇದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇನೆ. ಮೊದಲು ಬರೀ ನೀರಿನಲ್ಲಿ ಟೇಪ್ ಇಟ್ಟು ನೋಡಿ. ಪುಡಿ ಆಮೇಲೆ.

ಡಕ್ಟ್‌ನಲ್ಲಿ ಶಾಖಕ್ಕೆ ಅಡ್ಡ ಬರುವುದು ಗೋಡೆ ಪಕ್ಕದಲ್ಲಿ ನಿಧಾನವಾಗಿ ಹರಿಯುವ ತೆಳು ಪದರ. ದಾವಣಗೆರೆಯ ಮಂಡಕ್ಕಿ ಭಟ್ಟಿ ನೋಡಿದ್ದೀರಲ್ಲ? ಕಾದ ಮರಳಿಗೆ ಅಕ್ಕಿ ಸುರಿದವನು ಕೈಯಾಡಿಸುತ್ತಲೇ ಇರುತ್ತಾನೆ. ಬಿಟ್ಟರೆ ತಳದ್ದು ಸೀಯುತ್ತದೆ, ಮೇಲಿನದು ಅರಳುವುದಿಲ್ಲ. ಟೇಪ್ ಮಾಡುವುದೂ ಆ ಕೈಯ ಕೆಲಸವನ್ನೇ. ಆದರೆ ಅದರ ಅಂಚು ಚೌಕದ ಮೂಲೆಗಳಿಗೆ ತಲುಪುವುದಿಲ್ಲ. ಮೂಲೆಯ ನೀರು ಮೊದಲೇ ಸೋಮಾರಿ. ಲ್ಯಾಮಿನಾರ್ ಹರಿವಿನಲ್ಲಿ (ಕಲಕದೆ ಪದರ ಪದರವಾಗಿ ಹರಿಯುವಾಗ), ಗೋಡೆಗೆ ಸಮನಾಗಿ ಶಾಖ ಕೊಟ್ಟಾಗ, ದುಂಡು ಪೈಪಿನ ನಸೆಲ್ಟ್ ಸಂಖ್ಯೆ (ಗೋಡೆಯಿಂದ ದ್ರವಕ್ಕೆ ಶಾಖ ಎಷ್ಟು ಚೆನ್ನಾಗಿ ಹೋಗುತ್ತದೆ ಅನ್ನುವ ಅಳತೆ) 4.36, ಚೌಕದ್ದು 3.61. ಹಾಗಾಗಿ ಗೋಡೆಗೆ ಓರೆಯಾಗಿ ರಿಬ್ (ಸಣ್ಣ ಉಬ್ಬು ಪಟ್ಟಿ) ಅಂಟಿಸಿಯೂ ನೋಡಿ.

ಇನ್ನು ನ್ಯಾನೋಫ್ಲೂಯಿಡ್. ಅಮೆರಿಕದ ಆರ್ಗಾನ್ ಲ್ಯಾಬಿನ ಸ್ಟೀಫನ್ ಚೋಯ್ 1995ರಲ್ಲಿ ಈ ಹೆಸರು ತಂದಾಗಿನಿಂದ ನಿರೀಕ್ಷೆ ದೊಡ್ಡದಿತ್ತು. 30ಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಮಾದರಿಗಳನ್ನು ಹಂಚಿಕೊಂಡು ಅಳೆದ ಫಲಿತಾಂಶ 2009ರಲ್ಲಿ ಬಂತು. ಪವಾಡ ಏನೂ ಇರಲಿಲ್ಲ, ಹಳೆಯ ಸಿದ್ಧಾಂತದ ಲೆಕ್ಕದ ಆಸುಪಾಸಿನಲ್ಲೇ ಇತ್ತು. ಗಾತ್ರದಲ್ಲಿ 1% ಅಲ್ಯೂಮಿನಾ ಹಾಕಿದರೆ ಆ ಲೆಕ್ಕದ ಪ್ರಕಾರ ಉಷ್ಣವಾಹಕತೆ ಏರುವುದು ಸುಮಾರು 3%. ಸ್ನಿಗ್ಧತೆಯೂ (ದ್ರವದ ಮಂದತನ) 2.5% ಏರುತ್ತದೆ, ಅಳೆದರೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿಯೇ.

ನಾನು ಎಡವಿದ್ದು ಇಲ್ಲೇ. ನೀರು, ನ್ಯಾನೋಫ್ಲೂಯಿಡ್ ಎರಡನ್ನೂ ಒಂದೇ ರೆನಾಲ್ಡ್ಸ್ ಸಂಖ್ಯೆಯಲ್ಲಿ (ಹರಿವಿನ ವೇಗ, ಡಕ್ಟಿನ ಅಗಲ, ದ್ರವದ ಮಂದತನ ಸೇರಿಸಿ ಹಾಕುವ ಲೆಕ್ಕ) ಹೋಲಿಸಿ, ಗ್ರಾಫ್ ಮೇಲೇರಿದ್ದು ನೋಡಿ ಕುಣಿದಾಡಿದ್ದೆ. ದ್ರವ ಮಂದವಾದಷ್ಟೂ ಅದೇ ಸಂಖ್ಯೆ ಮುಟ್ಟಲು ಜೋರಾಗಿ ಹರಿಸಬೇಕು. ಜೋರಾಗಿ ಹರಿಸಿದರೆ ಶುದ್ಧ ನೀರೂ ಹೆಚ್ಚು ಶಾಖ ಒಯ್ಯುತ್ತದೆ, ಅಲ್ವಾ? ವೈವಾದಲ್ಲಿ ಪರೀಕ್ಷಕರು ಇದನ್ನೇ ಕೇಳಿದರು. ನಾನು ಸುಮ್ನೆ ನಿಂತಿದ್ದೆ.

ಪಂಪಿನ ಶಕ್ತಿ ಒಂದೇ ಇಟ್ಟು ಹೋಲಿಸಿ. ನಸೆಲ್ಟ್ ಎಷ್ಟು ಪಟ್ಟಾಯಿತೋ ಅದನ್ನು, ಘರ್ಷಣೆ ಎಷ್ಟು ಪಟ್ಟಾಯಿತೋ ಅದರ ಘನಮೂಲದಿಂದ ಭಾಗಿಸಿ. ಟೇಪಿನಿಂದ ನಸೆಲ್ಟ್ 2 ಪಟ್ಟು, ಘರ್ಷಣೆ 4 ಪಟ್ಟಾದರೆ ಉತ್ತರ 1.26, ಪರವಾಗಿಲ್ಲ. ಘರ್ಷಣೆ 8 ಪಟ್ಟಾದರೆ ಉತ್ತರ ಬರೀ 1, ಟೇಪ್ ಇಟ್ಟರೂ ಒಂದೇ ಬಿಟ್ಟರೂ ಒಂದೇ. ಅದಕ್ಕೇ ಬಿಸಿ ಅಳೆಯುವ ಥರ್ಮೋಕಪಲ್‌ಗಿಂತ ಒತ್ತಡ ಅಳೆಯುವ ಮಾನೋಮೀಟರ್ ಕಡೆ ಹೆಚ್ಚು ಗಮನ ಕೊಡಿ.

ಪುಡಿ ಹಾಕಲೇಬೇಕು ಅಂದರೆ ಸೋನಿಕೇಟರ್‌ನಲ್ಲಿ (ಶಬ್ದದ ಅಲೆಗಳಿಂದ ಕಲಕುವ ಯಂತ್ರ) ಚೆನ್ನಾಗಿ ಕಲಕಿ, ಅದೇ ದಿನ ರೀಡಿಂಗ್ ತೆಗೆಯಿರಿ. ನಮ್ಮದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಟ್ಯಾಂಕಿನ ತಳದಲ್ಲಿ ಸುಣ್ಣದಂತೆ ಕೂತಿತ್ತು. ತೂಕ, ಗಾತ್ರ ಗೊಂದಲ ಮಾಡಿಕೊಳ್ಳಬೇಡಿ. ಅಲ್ಯೂಮಿನಾ ನೀರಿಗಿಂತ ಸುಮಾರು 4 ಪಟ್ಟು ಭಾರ, ಗಾತ್ರದಲ್ಲಿ 1% ಅಂದರೆ ಲೀಟರಿಗೆ 40 ಗ್ರಾಂ ಹತ್ತಿರ. ನಾವು 10 ಗ್ರಾಂ ಹಾಕಿ ರಿಪೋರ್ಟಿನಲ್ಲಿ ಧೈರ್ಯವಾಗಿ 1% ಅಂತ ಬರೆದಿದ್ದೆವು.