ಹುಟ್ಟಿದಾಗಿನ ತೂಕ, ಈಗಿನ ಶುಗರ್: ಆ ದುಬಾರಿ ಟೆಸ್ಟ್ ಬೇಕಾ?

ಹುಟ್ಟಿದಾಗ 1.9 ಕೆಜಿ, ಈಗ 34 ವರ್ಷಕ್ಕೆ ಸಣ್ಣಗಿದ್ದೂ, ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 5.9, ಅಂದರೆ ಸ್ವಲ್ಪ ಹೆಚ್ಚು ಅಂದಿರಿ. ಹುಟ್ಟಿದಾಗಿನ ತೂಕ ಇದಕ್ಕೆ ಕಾರಣವಾ, ಜೀನ್ ಮೇಲಿನ ಗುರುತು ನೋಡುವ ದುಬಾರಿ ಎಪಿಜೆನೆಟಿಕ್ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದಿರಿ. ಹುಟ್ಟಿದಾಗಿನ ತೂಕದ ಪಾಲು ಇದರಲ್ಲಿ ಇರಬಹುದು. ನನ್ನದೂ ಹೆಚ್ಚುಕಮ್ಮಿ ಇದೇ ಕೇಸ್. ಗರ್ಭದಲ್ಲಿ ಪೋಷಣೆ ಸಾಲದಿದ್ದರೆ ದೇಹ ಮೊದಲು ಮಿದುಳನ್ನು ಕಾಯುತ್ತದೆ. ಸ್ನಾಯುವಿಗೆ, ಇನ್ಸುಲಿನ್ ಮಾಡುವ ಗ್ರಂಥಿಗೆ ಸಿಗೋದು ಮಿಕ್ಕಿದ್ದು. ಜೀನ್‌ಗಳ ಮೇಲಿನ ಮೀಥೈಲ್ ಗುರುತುಗಳೂ (ಜೀನ್ ಎಷ್ಟು ಕೆಲಸ ಮಾಡಬೇಕು ಅಂತ ತಿದ್ದುವ ರಾಸಾಯನಿಕ ಗುರುತು) ಬದಲಾಗಬಹುದು. 1944-45ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಂದ ಡಚ್ ಕ್ಷಾಮದಲ್ಲಿ ಗರ್ಭಕ್ಕೆ ಬಂದವರಲ್ಲಿ ಸುಮಾರು 60 ವರ್ಷದ ಮೇಲೂ ಬೆಳವಣಿಗೆಗೆ ಬೇಕಾದ ಐಜಿಎಫ್2 ಅನ್ನೋ ಜೀನ್ ಮೇಲೆ ಈ ಗುರುತು ಕಡಿಮೆ ಇತ್ತು. ಆದರೆ ಆ ಗುರುತೇ ಕಾಯಿಲೆ ತರುತ್ತದೆ ಅಂತ ಸಾಬೀತಾಗಿಲ್ಲ.

ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದಿನ ಹೆರಿಗೆ ದಾಖಲೆ ಹಿಡಿದು ಹುಡುಕಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಸಕ್ಕರೆ ಕಾಯಿಲೆ ಮಾತ್ರ ಗಿಡ್ಡಗೆ, ದಪ್ಪಗೆ ಹುಟ್ಟಿದವರಲ್ಲೇ ಜಾಸ್ತಿ! ಹಾಗಾಗಿ ಎಲ್ಲಾ ತಪ್ಪನ್ನೂ ಗರ್ಭದ ದಿನಗಳ ಮೇಲೆ ಹಾಕಬೇಡಿ, ಅಮ್ಮನ ಮೇಲಂತೂ ಬೇಡವೇ ಬೇಡ.

ಎಪಿಜೆನೆಟಿಕ್ ಟೆಸ್ಟಿಗೆ ದುಡ್ಡು ಸುರಿಯಬೇಡಿ, ಅದರಿಂದ ಚಿಕಿತ್ಸೆ ಬದಲಾಗಲ್ಲ. ಮೊದಲು ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣಾಂಶ ಕಡಿಮೆಯಿದ್ದರೆ ಎಚ್‌ಬಿಎ1ಸಿ ಸುಮ್ನೆ ಏರಿ ಕಾಣುತ್ತೆ. ಆಮೇಲೆ ಖಾಲಿ ಹೊಟ್ಟೆಯ ಶುಗರ್, 75 ಗ್ರಾಂ ಗ್ಲೂಕೋಸ್ ಕುಡಿದು 2 ಗಂಟೆಯ ಶುಗರ್. ಹೊಕ್ಕುಳ ಮಟ್ಟಕ್ಕೆ ಟೇಪ್ ಹಿಡಿದು ಸೊಂಟ ಅಳೆಯಿರಿ, ಗಂಡಸರಿಗೆ 90 ಸೆಂ.ಮೀ. ದಾಟಬಾರದು. ತೂಕ ಇಳಿಸೋಕೆ ಹೋಗಬೇಡಿ, ಸಣ್ಣಗಿರುವವರಿಗೆ ಬೇಕಿರುವುದು ಸ್ನಾಯು: ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿ, ಅನ್ನ ಸ್ವಲ್ಪ ತಗ್ಗಿಸಿ ಕಾಳು, ಮೊಟ್ಟೆ ಸೇರಿಸಿ. ಮೂರು ತಿಂಗಳಿಗೆ ಮತ್ತೆ ಎಚ್‌ಬಿಎ1ಸಿ ಮಾಡಿಸಿ. ವೈದ್ಯರ ಹತ್ತಿರ ಹೋದಾಗ ಹುಟ್ಟಿದಾಗಿನ ತೂಕವನ್ನೂ ಹೇಳಿ, ಅವರಾಗಿ ಕೇಳೋದು ಕಮ್ಮಿ.